ಲೆಕ್ಕ ಚುಕ್ತಾ ಆಗಬೇಕೋ, ಬಾಕಿ ಉಳಿಯಬೇಕೋ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ತಿಂಗಳಿಗೊಂದು ಪುಸ್ತಕ ಓದುತ್ತೇವೆ. ಈ ಸಲ ಥ್ರಿಲ್ಲರ್, ಪತ್ತೇದಾರಿ, ದೆವ್ವ-ಅತೀಂದ್ರಿಯದ ಕಾದಂಬರಿಗಳನ್ನು ಸೂಚಿಸುವ ಸರದಿ ನನ್ನದು. ಒಬ್ಬರ ಮೈ ಜುಮ್ಮೆನಿಸಿದ್ದು ಇನ್ನೊಬ್ಬರಿಗೆ ಆಕಳಿಕೆ ತರಿಸುತ್ತದೆ. ನಮ್ಮ ಅತ್ತೆಯವರು ಇವತ್ತಿಗೂ ‘ತುಳಸಿದಳ’ದ ಮಾತಾಡುತ್ತಾರೆ. ಯಜಮಾನರು ದೆವ್ವ ಅಂದರೆ ಪುಸ್ತಕ ಮುಚ್ಚಿಡುತ್ತಾರೆ. ಹದಿಮೂರು ವರ್ಷದ ಮಗಳೂ ನಮ್ಮ ಜತೆ ಕೂರುತ್ತಾಳೆ. ಯಾವ ಪುಸ್ತಕ ಹೇಳಲಿ? ಕತೆ ಬಿಟ್ಟುಕೊಡದೆ ಹೇಗೆ ಹೇಳಲಿ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮನೆಯ ಈ ಮೂವರನ್ನು ಎದುರಿಗಿಟ್ಟುಕೊಂಡೇ ಬರೆಯುತ್ತೇನೆ. ಥ್ರಿಲ್ಲರ್, ಪತ್ತೇದಾರಿ, ದೆವ್ವದ ಕತೆ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಪುಸ್ತಕದಂಗಡಿಯವರೂ ಒಂದೇ ಕಪಾಟಿನಲ್ಲಿ ಜೋಡಿಸುತ್ತಾರೆ. ಓದುವವರ ಹಸಿವು ಮಾತ್ರ ಬೇರೆ ಬೇರೆ. ಹಾಗಾಗಿ ಪುಸ್ತಕದ ಹೆಸರು ಹೇಳುವ ಮೊದಲು ಒಂದು ಪ್ರಶ್ನೆ ಕೇಳಿ: ಕೊನೆಯ ಪುಟಕ್ಕೆ ಬಂದಾಗ ಲೆಕ್ಕವೆಲ್ಲ ಚುಕ್ತಾ ಆಗಿರಬೇಕೋ, ಒಂದಿಷ್ಟು ಬಾಕಿ ಉಳಿದರೂ ಆದೀತೋ? ಯಾರು ಕೊಂದರು, ಯಾಕೆ ಕೊಂದರು, ಒಳಗಿನಿಂದ ಚಿಲಕ ಹಾಕಿದ ಕೋಣೆಯಿಂದ ಹೊರಬಿದ್ದದ್ದು ಹೇಗೆ ಎಂದು ಒಂದೊಂದಕ್ಕೂ ಉತ್ತರ ಸಿಕ್ಕಮೇಲೆ ನೆಮ್ಮದಿಯಿಂದ ಪುಸ್ತಕ ಮುಚ್ಚುವವರು ಒಂದು ಬಗೆ. ಎಲ್ಲವನ್ನೂ ಬಿಡಿಸಿ ಹೇಳಿಬಿಟ್ಟರೆ ‘ಅಯ್ಯೋ, ಇಷ್ಟೇನಾ’ ಎಂದು ಮುಖ ಸಣ್ಣ ಮಾಡುವವರು ಇನ್ನೊಂದು ಬಗೆ. ನಿಮ್ಮ ಯಜಮಾನರು ಮೊದಲನೆಯವರು, ಅತ್ತೆಯವರು ಎರಡನೆಯವರು ಎಂದು ನನ್ನ ಊಹೆ. ಒಬ್ಬರಿಗೆ ಸಲ್ಲುವ ಪುಸ್ತಕವನ್ನು ಇನ್ನೊಬ್ಬರ ಕೈಗಿಟ್ಟಾಗಲೇ ಆಕಳಿಕೆ ಬರುವುದು.

ಯಜಮಾನರಿಂದಲೇ ಶುರು ಮಾಡೋಣ. ಅವರಿಗೆ ನಾನು ಕೊಡುವುದು ದೆವ್ವದ ವಾಸನೆ ಗಾಢವಾಗಿರುವ ಪುಸ್ತಕವನ್ನೇ: ಆರ್ಥರ್ ಕಾನನ್ ಡಾಯ್ಲ್ ಬರೆದ ‘ದ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್’. ಇದು 1901ರಲ್ಲಿ ಲಂಡನ್ನಿನ ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾಯಿತು. ಅದಕ್ಕೂ ಎಂಟು ವರ್ಷ ಹಿಂದೆ, 1893ರಲ್ಲಿ, ಡಾಯ್ಲ್ ತಮ್ಮ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಕತೆ ಮುಗಿಸಿದ್ದರು. ಓದುಗರು ಅಂದಿನಿಂದ ಅವನಿಗಾಗಿ ಕಾದಿದ್ದರು. ಡಾರ್ಟ್‌ಮೂರ್ ಎಂಬ ಬಟ್ಟಬಯಲು, ಮಂಜು, ಕಾಲಿಟ್ಟರೆ ನುಂಗುವ ಕೆಸರು, ಒಂಟಿ ಬಂಗಲೆ. ಒಂದು ಮನೆತನದ ಮೇಲೆ ತಲೆಮಾರುಗಳಿಂದ ಒಂದು ಶಾಪವಿದೆ, ಆ ಶಾಪಕ್ಕೆ ನಾಯಿಯ ರೂಪವಿದೆ. ಮನೆಯ ಹಿರಿಯ ಸತ್ತು ಬಿದ್ದಿದ್ದಾನೆ, ಮೈಮೇಲೆ ಗಾಯವಿಲ್ಲ. ಊರಿನ ಡಾಕ್ಟರು ಲಂಡನ್ನಿಗೆ ಬಂದು ಹೋಮ್ಸ್‌ನ ಎದುರು ಕೂತು ನಡೆದದ್ದನ್ನೆಲ್ಲ ಒಪ್ಪವಾಗಿ ಹೇಳುತ್ತಾರೆ. ಹೆಣದಿಂದ ಸ್ವಲ್ಪ ದೂರದಲ್ಲಿ ಹೆಜ್ಜೆಗುರುತುಗಳಿದ್ದವಂತೆ. ಗಂಡಸಿನವೋ ಹೆಂಗಸಿನವೋ ಎಂದು ಹೋಮ್ಸ್ ಕೇಳುತ್ತಾನೆ. ಡಾಕ್ಟರ ದನಿ ಪಿಸುಮಾತಿಗೆ ಇಳಿಯುತ್ತದೆ. ಅವು ಮನುಷ್ಯರವೇ ಅಲ್ಲ, ಭಾರೀ ಬೇಟೆನಾಯಿಯೊಂದರವು. ಅಧ್ಯಾಯ ಅಲ್ಲಿಗೆ ನಿಲ್ಲುತ್ತದೆ. ಅಷ್ಟು ಓದಿದ ಮೇಲೆ ಪುಸ್ತಕ ಕೆಳಗಿಟ್ಟವರನ್ನು ನಾನು ನೋಡಿಲ್ಲ.

ಡಾಯ್ಲ್ ಅವರ ಬದುಕಿನ ಒಂದು ವಿಚಿತ್ರ ನಿಮ್ಮ ಯಜಮಾನರಿಗೆ ಹಿಡಿಸಬಹುದು. ತರ್ಕಕ್ಕೇ ಹೆಸರಾದ ಪತ್ತೇದಾರನನ್ನು ಸೃಷ್ಟಿಸಿದ ಈ ಮನುಷ್ಯನಿಗೆ ಪ್ರೇತಗಳ ಜೊತೆ ಮಾತಾಡಬಹುದೆಂಬ ಗಟ್ಟಿ ನಂಬಿಕೆಯಿತ್ತು. ಕಾಟಿಂಗ್ಲಿ ಎಂಬ ಹಳ್ಳಿಯ ಇಬ್ಬರು ಹುಡುಗಿಯರು ತೆಗೆದ ಕಿನ್ನರಿಯರ ಫೋಟೋಗಳನ್ನು ನಿಜವೆಂದೇ ನಂಬಿ 1922ರಲ್ಲಿ ಒಂದು ಪುಸ್ತಕ ಬರೆದರು. ಫೋಟೋಗಳು ಕಾಗದ ಕತ್ತರಿಸಿ ಮಾಡಿದ ಆಟವೆಂದು ಆ ಹುಡುಗಿಯರು ಮುದುಕಿಯರಾದ ಮೇಲೆ ಒಪ್ಪಿಕೊಂಡರು. ಆದರೆ ಹೋಮ್ಸ್ ಕತೆಗಳ ಹೊಸ್ತಿಲೊಳಗೆ ಡಾಯ್ಲ್ ಒಂದೇ ಒಂದು ದೆವ್ವವನ್ನೂ ಬಿಡಲಿಲ್ಲ. 1924ರಲ್ಲಿ ಬಂದ ‘ಸಸೆಕ್ಸ್ ವ್ಯಾಂಪೈರ್’ ಕತೆಯಲ್ಲಿ ತಾಯಿಯೊಬ್ಬಳು ತನ್ನ ಹಸುಗೂಸಿನ ಕುತ್ತಿಗೆಯಿಂದ ರಕ್ತ ಹೀರುತ್ತಿದ್ದುದನ್ನು ದಾದಿ ಕಣ್ಣಾರೆ ನೋಡಿದ್ದಾಳೆ. ಅದಕ್ಕೂ ಹೋಮ್ಸ್ ಈ ಲೋಕದ ಕಾರಣವನ್ನೇ ಹುಡುಕುತ್ತಾನೆ. ತನ್ನ ನಂಬಿಕೆ ಒಂದು ಕಡೆ, ಓದುಗನಿಗೆ ಕೊಟ್ಟ ಮಾತು ಇನ್ನೊಂದು ಕಡೆ ಎಂದು ಗೆರೆ ಎಳೆದುಕೊಂಡು ಬರೆದ ಆ ಶಿಸ್ತು ನನಗೆ ದೊಡ್ಡದಾಗಿ ಕಾಣುತ್ತದೆ.

ಆ ಮಾತನ್ನು ಆಮೇಲೆ ಕೆಲವರು ನಿಯಮವನ್ನಾಗಿಯೇ ಬರೆದಿಟ್ಟರು. ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ಕಟ್ಟಳೆಗಳನ್ನು ಹೇಳಿದರು. ಅತಿಮಾನುಷ ಶಕ್ತಿಗಳಿಗೆ ಪ್ರವೇಶವಿಲ್ಲ, ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವು ಓದುಗನ ಕಣ್ಣಿಗೂ ಬೀಳಬೇಕು ಎಂಬವು ಅದರಲ್ಲಿ ಮುಖ್ಯವಾದವು. ಅಮೆರಿಕದಲ್ಲಿ ಎಲರಿ ಕ್ವೀನ್ ಹೆಸರಿನಲ್ಲಿ ಬರೆದವರು ತಮ್ಮ ಕಾದಂಬರಿಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೊನೆಯ ಅಧ್ಯಾಯಗಳಿಗೆ ಮುಂಚೆ ಕತೆಯನ್ನೇ ನಿಲ್ಲಿಸಿ, ಬೇಕಾದ ಸುಳಿವೆಲ್ಲ ನಿಮ್ಮ ಕೈಗೆ ಬಂದಿದೆ, ಈಗ ನೀವೇ ಹೇಳಿ ಎಂದು ಓದುಗನಿಗೆ ಸವಾಲು ಹಾಕುತ್ತಿದ್ದರು. ಈ ಆಟ ನಿಮ್ಮ ಬಳಗಕ್ಕೆ ಹೇಳಿಮಾಡಿಸಿದ್ದು. ಅಗಾಥಾ ಕ್ರಿಸ್ಟಿಯ ‘ಆ್ಯಂಡ್ ದೆನ್ ದೇರ್ ವರ್ ನನ್’ (1939) ತೆಗೆದುಕೊಳ್ಳಿ. ಹತ್ತು ಜನ ಅಪರಿಚಿತರು ಒಂದು ದ್ವೀಪದಲ್ಲಿ ಸಿಕ್ಕಿಬೀಳುತ್ತಾರೆ, ಒಬ್ಬೊಬ್ಬರಾಗಿ ಸಾಯುತ್ತಾರೆ. ಮುಕ್ಕಾಲು ಪುಸ್ತಕಕ್ಕೆ ಎಲ್ಲರೂ ನಿಲ್ಲಿಸಿ, ಒಂದು ಸಂಜೆ ಸೇರಿ, ತಮ್ಮ ಅನುಮಾನವನ್ನು ಚೀಟಿಯಲ್ಲಿ ಬರೆದು ಮಡಿಚಿಡಿ. ಉಳಿದದ್ದು ಮುಂದಿನ ವಾರ. ಮಾತಾಡದೆ ಮೂಲೆಯಲ್ಲಿ ಕೂರುವವರು ಕೂಡ ಆ ಸಂಜೆ ವಾದಕ್ಕೆ ಇಳಿಯುತ್ತಾರೆ.

ಕ್ರಿಸ್ಟಿ ಬಗ್ಗೆ ಇನ್ನೊಂದು ಮಾತು. ಮೊದಲ ಮಹಾಯುದ್ಧದ ಕಾಲದಲ್ಲಿ ಆಕೆ ಆಸ್ಪತ್ರೆಯ ಔಷಧ ವಿತರಣಾ ವಿಭಾಗದಲ್ಲಿ ಕೆಲಸ ಮಾಡಿದವರು. ಯಾವ ಮದ್ದು ಎಷ್ಟು ಹನಿಗೆ ವಿಷವಾಗುತ್ತದೆ ಎಂಬುದು ಅವರಿಗೆ ಕೈಯಾರೆ ಗೊತ್ತಿತ್ತು. 1920ರ ಮೊದಲ ಕಾದಂಬರಿಯಿಂದಲೇ ಅವರ ವಿಷಗಳು ನಂಬುವಂತೆ ಕೆಲಸ ಮಾಡುವುದು ಅದಕ್ಕೇ. ಅವರ ‘ದ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ (1926) ಓದದವರು ನಿಮ್ಮ ಗುಂಪಿನಲ್ಲಿದ್ದರೆ ಅವರು ಪುಣ್ಯವಂತರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಒಂದಕ್ಷರವನ್ನೂ ಹೇಳಬಾರದು.

ಇನ್ನು ಅತ್ತೆಯವರು. ‘ತುಳಸಿದಳ’ ನೆನೆದರೆ ಇವತ್ತಿಗೂ ಮೈ ನಡುಗುತ್ತದೆ ಎನ್ನುವ ಹೆಂಗಸರು ಕರ್ನಾಟಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಬರೆದ ಈ ಕಾದಂಬರಿ ಕನ್ನಡಕ್ಕೆ ಬಂದು ಮನೆಮನೆ ಹೊಕ್ಕಿತು, 1985ರಲ್ಲಿ ಕನ್ನಡ ಸಿನಿಮಾ ಕೂಡ ಆಯಿತು. ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ಕಾಷ್ಮೋರ ಎಂಬ ಮಾಟದ ಪ್ರಯೋಗ ನಡೆಯುತ್ತದೆ. ಮಗು ದಿನದಿಂದ ದಿನಕ್ಕೆ ಸೊರಗುವುದನ್ನು ಕಂಡೂ ಕಾರಣ ಗೊತ್ತಾಗದ ಹೆತ್ತವರ ಸಂಕಟವೇ ಆ ಪುಸ್ತಕದ ನಿಜವಾದ ಬಲ. ಮಾಟವನ್ನು ಹೀಗೆ ವೈಭವೀಕರಿಸಬಹುದೇ ಎಂದು ತೆಲುಗು ಲೇಖಕಿ ರಂಗನಾಯಕಮ್ಮ ಕಟುವಾಗಿ ಟೀಕಿಸಿ ಪುಸ್ತಕವನ್ನೇ ಬರೆದರು. ಆ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಮಾಟದ ಕತೆ ಓದಿ ಬೆವರುವುದು ಬೇರೆ, ಅದನ್ನು ನಂಬಿ ಪಕ್ಕದ ಮನೆಯ ಒಂಟಿ ಹೆಂಗಸಿನ ಮೇಲೆ ಬೆರಳು ತೋರಿಸುವುದು ಬೇರೆ. ನಮ್ಮ ರಾಜ್ಯ 2017ರಲ್ಲಿ ವಾಮಾಚಾರದ ವಿರುದ್ಧ ಕಾಯ್ದೆಯನ್ನೇ ತರಬೇಕಾಗಿ ಬಂತು. ರವಿ ಬೆಳಗೆರೆಯವರ ‘ಮಾಟಗಾತಿ’, ‘ಸರ್ಪ ಸಂಬಂಧ’ದಂಥ ಪುಸ್ತಕಗಳನ್ನು ಸೂಚಿಸುವಾಗಲೂ ಈ ಎಚ್ಚರ ಇರಲಿ. ಓದಿ ಮುಗಿಸಿದ ಮೇಲೆ ಬಳಗದಲ್ಲಿ ಈ ಬಗ್ಗೆ ಬಾಯಿಬಿಟ್ಟು ಮಾತಾಡಿ.

ಆದರೆ ಅತ್ತೆಯವರನ್ನು ‘ತುಳಸಿದಳ’ದಲ್ಲೇ ನಿಲ್ಲಿಸಬೇಡಿ. ಅತೀಂದ್ರಿಯ ಎನ್ನುವುದು ಕನ್ನಡದಲ್ಲಿ ಬರೀ ಮಸಣ, ತಲೆಬುರುಡೆ, ನಿಂಬೆಹಣ್ಣಿನ ಕತೆಯಾಗಿ ಉಳಿದಿಲ್ಲ. ಎಸ್.ಎಲ್. ಭೈರಪ್ಪನವರ ‘ನಾಯಿ ನೆರಳು’ (1968) ಪುನರ್ಜನ್ಮದ ಕಾದಂಬರಿ. ಸತ್ತ ಮಗನೇ ಬೇರೆಲ್ಲೋ ಹುಟ್ಟಿದ್ದಾನೆಂದು ನಂಬಿ ಒಬ್ಬ ಹುಡುಗನನ್ನು ಮನೆಗೆ ಕರೆತರುತ್ತಾರೆ. ಆ ಮನೆಯಲ್ಲಿ ವಿಧವೆ ಸೊಸೆ ಇದ್ದಾಳೆ. ತನಗಿಂತ ಎಷ್ಟೋ ಚಿಕ್ಕವನಾದ ಈ ಹುಡುಗ ತನ್ನ ಗಂಡನೇ? ಹೌದು ಎಂದರೆ ಒಂದು ಪ್ರಳಯ, ಅಲ್ಲ ಎಂದರೆ ಇನ್ನೊಂದು. ಗಿರೀಶ ಕಾಸರವಳ್ಳಿಯವರು 2006ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಆ ಸೊಸೆಯ ಕಣ್ಣಿನಿಂದ ಕತೆಯನ್ನು ನೋಡಿದರು. ಪುಸ್ತಕ ಓದಿ ಸಿನಿಮಾ ನೋಡಿದರೆ ಇಡೀ ಸಂಜೆಗೆ ಸಾಕಾಗುವಷ್ಟು ಮಾತು ಸಿಗುತ್ತದೆ.

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕೃತಿಯನ್ನು ಈ ಪಟ್ಟಿಗೆ ಸೇರಿಸಿದರೆ ಕೆಲವರು ಹುಬ್ಬೇರಿಸಬಹುದು. 1968ರ ಈ ಕೃತಿಗೆ 1977ರಲ್ಲಿ ಜ್ಞಾನಪೀಠ ಬಂತೆಂದು ಶಾಲೆಯಲ್ಲಿ ಉರು ಹೊಡೆದಿರುತ್ತೇವೆ, ಅದರ ಮೂಲ ಹೂಡಿಕೆ ಎಂಥ ವಿಸ್ಮಯದ್ದು ಎಂಬುದನ್ನು ಮರೆತಿರುತ್ತೇವೆ. ಬಾಲವಿಧವೆಯಾಗಿ ಮುಪ್ಪಾದ ಅಜ್ಜಿ. ಮೊಮ್ಮಗ ಸುಬ್ಬರಾಯ ಎಲ್ಲಿಂದಲೋ ತಂದ ಹಳೆಯ ವಸ್ತುವೊಂದನ್ನು ಅಂಗೈಯಲ್ಲಿಟ್ಟರೆ, ಅದನ್ನು ಹಿಂದೆ ಹಿಡಿದಿದ್ದವರ ಕಾಲವೇ ಆಕೆಯ ಕಣ್ಣಿಗೆ ಕಟ್ಟುತ್ತದೆ. ಯಾವ ಮಂತ್ರವೂ ಇಲ್ಲ, ಹೊಗೆಯೂ ಇಲ್ಲ. ಮನೆಯ ಜಗಲಿಯಲ್ಲಿ ಮಟಮಟ ಮಧ್ಯಾಹ್ನ ನಡೆಯುವ ಅತೀಂದ್ರಿಯ ಅದು. ಆ ಶಕ್ತಿ ಆಕೆಗೆ ಹೇಗೆ ಬಂತು ಎಂದು ಕಾರಂತರು ಲೆಕ್ಕ ಒಪ್ಪಿಸಲು ಹೋಗುವುದಿಲ್ಲ. ಹಾಗೆ ಬಿಟ್ಟದ್ದರಿಂದಲೇ ಆಕೆ ದೇವರ ಬಗ್ಗೆ, ಗಂಡು-ಹೆಣ್ಣಿನ ಬಗ್ಗೆ ಆಡುವ ಮಾತುಗಳಿಗೆ ಅಷ್ಟು ತೂಕ.

ಹೊರಗಿನದನ್ನು ಓದುವವರಿದ್ದರೆ ಮೂರು ಹೆಸರು. ಹೆನ್ರಿ ಜೇಮ್ಸ್ ಬರೆದ ‘ದ ಟರ್ನ್ ಆಫ್ ದ ಸ್ಕ್ರೂ’ (1898). ಒಂಟಿ ಬಂಗಲೆಯಲ್ಲಿ ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬಂದ ಹುಡುಗಿಗೆ ಸತ್ತವರು ಕಾಣುತ್ತಾರೆ. ನಿಜವಾಗಿ ಕಾಣುತ್ತಾರೋ, ಅವಳ ಮನಸ್ಸಿನ ಹುಟ್ಟೋ ಎಂಬ ಜಗಳ ವಿಮರ್ಶಕರ ನಡುವೆ ಇನ್ನೂ ಮುಗಿದಿಲ್ಲ. ಬಾಕಿ ಉಳಿಸುವ ಕಲೆಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ವಾಕ್ಯಗಳು ಸುತ್ತಿ ಬಳಸಿ ಸಾಗುತ್ತವೆ, ತಾಳ್ಮೆ ಬೇಕು. ಎರಡನೆಯದು ಶರ್ಲಿ ಜ್ಯಾಕ್ಸನ್ನರ ‘ದ ಹಾಂಟಿಂಗ್ ಆಫ್ ಹಿಲ್ ಹೌಸ್’ (1959), ಮನೆಯೇ ಮನುಷ್ಯರನ್ನು ಆರಿಸಿಕೊಳ್ಳುವ ಕತೆ. ರಾತ್ರಿ ಒಬ್ಬರೇ ಓದುವುದು ಬೇಡ. ಮೂರನೆಯದು ಡಫ್ನಿ ದ್ಯು ಮೋರಿಯೆಯ ‘ರೆಬೆಕಾ’ (1938). ಅದರಲ್ಲಿ ದೆವ್ವವಿಲ್ಲ, ಸತ್ತುಹೋದ ಮೊದಲ ಹೆಂಡತಿಯ ನೆನಪಿದೆ ಅಷ್ಟೆ. ಕತೆ ಹೇಳುವ ಎರಡನೆಯ ಹೆಂಡತಿಯ ಹೆಸರು ಇಡೀ ಕಾದಂಬರಿಯಲ್ಲಿ ಎಲ್ಲೂ ಬರುವುದಿಲ್ಲ. ಯಜಮಾನರು, ಅತ್ತೆಯವರು ಇಬ್ಬರೂ ಒಪ್ಪಬಹುದಾದ ಪುಸ್ತಕ ಬೇಕೆಂದರೆ ಇದನ್ನೇ ಹೇಳಿ.

ಇನ್ನು ಕೆಲವರಿಗೆ ಲೆಕ್ಕವೂ ಬೇಡ, ಬಾಕಿಯೂ ಬೇಡ. ಪುಟ ತಿರುಗಿಸುವಾಗ ಎದೆ ಹೊಡೆದುಕೊಳ್ಳಬೇಕು, ಅಷ್ಟೇ. ಅಂಥವರಿಗೆ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಕೊಡಿ. ಕಾದಂಬರಿಯಲ್ಲ, ಜಿಮ್ ಕಾರ್ಬೆಟ್ ಬರೆದ ನಡೆದ ಕತೆ. ಗಢವಾಲದ ಬೆಟ್ಟಗಳಲ್ಲಿ ಒಂದೇ ಚಿರತೆ 1918ರಿಂದ 1926ರವರೆಗೆ 125 ಜನರನ್ನು ಕೊಂದದ್ದು ಸರ್ಕಾರಿ ದಾಖಲೆಯಲ್ಲಿದೆ. ಅದರಲ್ಲಿ ಒಂದು ಘಟನೆ: ಇಬ್ಬರು ಗೆಳೆಯರು ಕತ್ತಲ ಕೋಣೆಯಲ್ಲಿ ಹುಕ್ಕಾ ಸೇದುತ್ತ ಕೂತಿದ್ದಾರೆ. ಒಬ್ಬನ ಕೈಯಿಂದ ಹುಕ್ಕಾ ಕೆಳಗೆ ಬಿದ್ದು ಕೆಂಡ ಚೆಲ್ಲುತ್ತದೆ. ಜೋಪಾನ ಎಂದು ಇನ್ನೊಬ್ಬ ಕೆಂಡ ಆಯಲು ಬಗ್ಗಿದಾಗಲೇ ತೆರೆದ ಬಾಗಿಲು, ಹೊರಗೆ ಗೆಳೆಯನನ್ನು ಎತ್ತಿಕೊಂಡು ಹೋಗುತ್ತಿರುವ ಚಿರತೆ ಕಾಣುವುದು. ಪಕ್ಕದಲ್ಲೇ ಕೂತವನಿಗೆ ಒಂದು ಸದ್ದೂ ಕೇಳಿರಲಿಲ್ಲ. ಇದು ಮೃಗವಲ್ಲ, ಪಿಶಾಚಿ ಎಂದು ಆ ಸೀಮೆಯ ಜನ ನಂಬಿದ್ದರಲ್ಲಿ ಆಶ್ಚರ್ಯವೇನಿದೆ? ಕತ್ತಲಾದ ಮೇಲೆ ಊರಿಗೆ ಊರೇ ಉಸಿರು ಬಿಗಿಹಿಡಿದು ಕೂರುವುದನ್ನು ಕಾರ್ಬೆಟ್ ವರ್ಣಿಸುವ ರೀತಿಯ ಮುಂದೆ ಎಷ್ಟೋ ದೆವ್ವದ ಕಾದಂಬರಿಗಳು ಸಪ್ಪೆ. ಕೆನೆತ್ ಆ್ಯಂಡರ್ಸನ್ ಕತೆಗಳನ್ನು ತೇಜಸ್ವಿ ನಾಲ್ಕು ಭಾಗಗಳಲ್ಲಿ ‘ಕಾಡಿನ ಕತೆಗಳು’ ಎಂದು ಕೊಟ್ಟಿದ್ದಾರೆ. ಅವೂ ಇದೇ ಜಾತಿಗೆ ಸೇರಿದವು.

ಜಪಾನಿನ ಕೀಗೊ ಹಿಗಾಶಿನೊ 2005ರಲ್ಲಿ ಬರೆದ, ಇಂಗ್ಲಿಷಿನಲ್ಲಿ ‘ದ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್’ ಹೆಸರಿನಲ್ಲಿ ಸಿಗುವ ಕಾದಂಬರಿಯನ್ನೂ ಇಲ್ಲೇ ಹೇಳಬೇಕು. ಕೊಲೆ ಶುರುವಿನಲ್ಲೇ ನಮ್ಮ ಕಣ್ಣೆದುರು ನಡೆಯುತ್ತದೆ. ಕೊಂದವರು ಯಾರು, ಯಾಕೆ ಎಂಬುದು ಗೊತ್ತು. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನು ಮುಚ್ಚಿಹಾಕಲು ಒಂದು ಲೆಕ್ಕ ಹೂಡುತ್ತಾರೆ, ಅವರ ಹಳೆಯ ಗೆಳೆಯನಾದ ಭೌತವಿಜ್ಞಾನಿ ಆ ಲೆಕ್ಕ ಬಿಡಿಸಲು ಕೂರುತ್ತಾನೆ. ಎಲ್ಲ ಗೊತ್ತಿದೆ ಎಂದುಕೊಂಡೇ ಓದುತ್ತೇವೆ. ಕೊನೆಗೆ ಕಣ್ಣು ಒದ್ದೆಯಾಗುತ್ತದೆ. ಥ್ರಿಲ್ಲರ್ ಓದಿ ಅತ್ತವರನ್ನು ನೋಡಬೇಕೆಂದರೆ ಈ ಪುಸ್ತಕ ಹಂಚಿ. ರಕ್ತ ಕಂಡರಾಗದವರು ಗುಂಪಿನಲ್ಲಿದ್ದರೆ ಯಂಡಮೂರಿಯವರದೇ ‘ಬೆಳದಿಂಗಳ ಬಾಲೆ’ ಇದೆ. ಅದರಲ್ಲಿ ಕೊಲೆಯೇ ಇಲ್ಲ. ಫೋನಿನಲ್ಲಿ ಕೇಳುವ ಒಂದು ಹೆಣ್ಣುದನಿಯ ಒಡತಿ ಯಾರೆಂದು ಚೆಸ್ ಆಟಗಾರನೊಬ್ಬ ಹುಡುಕುವುದಷ್ಟೇ ಕತೆ. 1995ರಲ್ಲಿ ಸುನೀಲ್‌ಕುಮಾರ್ ದೇಸಾಯಿ ಇದನ್ನು ಅನಂತನಾಗ್ ಅವರನ್ನಿಟ್ಟುಕೊಂಡು ಸಿನಿಮಾ ಮಾಡಿದರು.

ನಮ್ಮದೇ ಪತ್ತೇದಾರಿ ಪರಂಪರೆಯನ್ನು ಹೇಳದೆ ಮುಂದೆ ಹೋಗಲಾರೆ. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ಇಯತ್ತೆ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಮುಂದೆ ಜನ ಕಾಯುತ್ತಿದ್ದರು. ಕನ್ನಡದ ಕೆಂಪು-ಹಳದಿ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಆ ಬಾಡಿಗೆ ಪುಸ್ತಕಗಳನ್ನು ನೋಡಿದವರಿಗೆ ನೆನಪಿರಬಹುದು: ರಟ್ಟಿನ ಬೈಂಡು, ಬೆನ್ನಿಗೆ ಬಟ್ಟೆಯ ಪಟ್ಟಿ, ಒಳಗೆ ತಾರೀಕಿನ ಚೀಟಿ, ಮೂಲೆ ಮಡಿಚಿ ಮಡಿಚಿ ಮೆತ್ತಗಾದ ಹಾಳೆ. ನಡುವೆ ಎಲ್ಲೋ ಒಂದು ಪಾತ್ರದ ಹೆಸರಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ‘ಇವನೇ ಕೊಲೆಗಾರ’ ಎಂದು ಬರೆದ ಮಹಾನುಭಾವನ ಅಕ್ಷರ. ಅಕ್ಷರ ಕಲಿತ ಹೊಸದರಲ್ಲಿ ಒಂದು ತಲೆಮಾರಿಗೆ ಇಡೀ ಪುಸ್ತಕ ಓದಿ ಮುಗಿಸುವ ರೂಢಿ ಹಚ್ಚಿದ್ದು ಈ ಅಗ್ಗದ ಪುಸ್ತಕಗಳು. ಸಾಹಿತ್ಯ ಚರಿತ್ರೆಯಲ್ಲಿ ಅವಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು. ಕೈಯಿಂದ ಕೈಗೆ ದಾಟಿ ಹರಿದುಹೋದ ಆ ಪ್ರತಿಗಳು ಇವತ್ತು ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಇದು ನನಗೆ ನಿಜವಾದ ದುಃಖ. ನಿಮ್ಮ ಬಳಗದ ಯಾರದಾದರೂ ಮನೆಯ ಅಟ್ಟದಲ್ಲಿದ್ದರೆ ತೂಕಕ್ಕೆ ಹಾಕುವ ಮೊದಲು ಕೆಳಗಿಳಿಸಿ ಒಂದನ್ನು ಗಟ್ಟಿಯಾಗಿ ಓದಿ. ಟಿ.ಕೆ. ರಾಮರಾವ್ ಅವರ ಪುಸ್ತಕಗಳ ವಿಷಯವೂ ಇದೇ. ‘ಬಂಗಾರದ ಮನುಷ್ಯ’ ಸಿನಿಮಾ ನೋಡದ ಕನ್ನಡಿಗನಿಲ್ಲ, ಅದರ ಕಾದಂಬರಿಕಾರ ‘ತ್ರಿಕೋನದ ಮನೆ’, ‘ಕಹಳೆ ಬಂಡೆ’ಯಂಥ ಕುತೂಹಲದ ಕತೆಗಳಿಗೆ ಹೆಸರಾದವರು ಎಂಬುದು ಹೊಸಬರಿಗೆ ಗೊತ್ತಿಲ್ಲ.

ಆದರೂ ಕನ್ನಡದ ಅತ್ಯುತ್ತಮ ರಹಸ್ಯ ಕಾದಂಬರಿ ಯಾವುದು ಎಂದು ನೇರವಾಗಿ ಕೇಳಿದರೆ ನಾನು ಪತ್ತೇದಾರಿ ಕಪಾಟಿಗೆ ಕೈ ಹಾಕುವುದಿಲ್ಲ. ತೇಜಸ್ವಿಯವರ ‘ಚಿದಂಬರ ರಹಸ್ಯ’ ಎನ್ನುತ್ತೇನೆ. 1985ರ ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದರಿಂದಲೋ ಏನೋ, ಜನ ಅದನ್ನು ಗಂಭೀರ ಕೃತಿ ಎಂದು ಪಕ್ಕಕ್ಕಿಟ್ಟುಬಿಡುತ್ತಾರೆ. ಶುರುವಾಗುವುದು ಅಪ್ಪಟ ಪತ್ತೇದಾರಿಯಾಗಿ. ಮಲೆನಾಡಿನ ಕೆಸರೂರಿನಲ್ಲಿ ಏಲಕ್ಕಿ ಬೆಳೆ ನೆಲಕಚ್ಚುತ್ತಿದೆ. ಏಲಕ್ಕಿಯ ಮೇಲೆ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿ ಜೋಗಿಹಾಳ್ ಸತ್ತಿದ್ದಾರೆ, ಸಾವಿನ ಬಗ್ಗೆ ಅನುಮಾನವಿದೆ. ತನಿಖೆಗೆ ಬೇಹುಗಾರಿಕೆ ಅಧಿಕಾರಿ ಶ್ಯಾಮನಂದನ ಅಂಗಾಡಿ ಬರುತ್ತಾನೆ. ಕೊಲೆಗಾರನನ್ನು ಹುಡುಕುತ್ತ ನಾವೂ ಅವನ ಬೆನ್ನಿಗೆ ಬೀಳುತ್ತೇವೆ. ಅಷ್ಟರಲ್ಲಿ ಊರಿನ ಜಾತಿ, ಕೋಮು, ಕಳ್ಳನಾಟಾ, ಕ್ರಾಂತಿ ಮಾಡಲು ಹೊರಟ ಹುಡುಗರು, ಪ್ರೀತಿಗೆ ಬಿದ್ದವರು ಎಲ್ಲ ಒಂದೊಂದಾಗಿ ಸುಳಿವುಗಳಂತೆ ಬಂದು ಸೇರುತ್ತವೆ. ಯಾವುದು ಸುಳಿವು, ಯಾವುದು ಊರಿನ ದಿನನಿತ್ಯದ ಜಂಜಡ ಎಂದು ಬೇರ್ಪಡಿಸಲಾಗದ ಹಂತಕ್ಕೆ ಬಂದಾಗಲೇ ಎದೆಯಲ್ಲಿ ಛಳಕು ಹುಟ್ಟುವುದು. ಅಪರಾಧ ಒಬ್ಬನದಲ್ಲ, ಇಡೀ ಊರಿನದು ಎಂಬ ಭಯ. ಅದೂ ನಗುನಗುತ್ತ ಓದಿಸಿಕೊಂಡು ಹೋಗುವ ಭಾಷೆಯಲ್ಲಿ. ಲೆಕ್ಕ ಚುಕ್ತಾ ಆಗಬೇಕೆನ್ನುವವರಿಗೂ ಬಾಕಿ ಬೇಕೆನ್ನುವವರಿಗೂ ಒಟ್ಟಿಗೆ ಜಗಳಕ್ಕೆ ವಸ್ತು ಕೊಡುವ ಕಾದಂಬರಿ ಇದು. ನಿಮ್ಮ ಬಳಗ ಈ ತಿಂಗಳು ಒಂದೇ ಪುಸ್ತಕ ಓದುವುದಾದರೆ ಇದನ್ನೇ ಓದಿ. ವೇಗ ಬೇಕೆನ್ನುವ ಯುವಕರಿಗೆ ಅವರದೇ ‘ಜುಗಾರಿ ಕ್ರಾಸ್’ (1994) ಕೊಡಿ. ಏಲಕ್ಕಿ ಬೆಳೆಗಾರ ಸುರೇಶ, ಅವನ ಹೆಂಡತಿ ಗೌರಿ, ಘಟ್ಟದ ಕಾಡುದಾರಿ, ಒಂದೇ ದಿನದೊಳಗೆ ಮುಗಿಯುವ ಓಟ.

ಇತಿಹಾಸದ ಗುಟ್ಟು ಬಗೆಯುವ ಕತೆ ಕೇಳುವವರಿಗೆ ಕೆ.ಎನ್. ಗಣೇಶಯ್ಯ ಇದ್ದಾರೆ. ಕೃಷಿ ವಿಜ್ಞಾನಿಯಾದ ಅವರು ‘ಕನಕ ಮುಸುಕು’ ಬರೆದದ್ದು ಒಂದು ಬೆರಗಿನಿಂದ. ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ, ಕೊಲಂಬಸನ ನಂತರ ಈ ಕಡೆ ಬಂತೆಂದು ಓದಿದ್ದೇವೆ. 13ನೇ ಶತಮಾನದ ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದ ತೆನೆಯನ್ನೇ ಹೋಲುವ ವಸ್ತು ಹೇಗೆ ಬಂತು? ವಿದ್ವಾಂಸರ ನಡುವೆ ಇದು ನಿಜವಾಗಿಯೂ ವಿವಾದದ ವಿಷಯ. ಅವರ ಕಾದಂಬರಿಗಳಲ್ಲಿ ಅಡಿಟಿಪ್ಪಣಿಗಳೂ ಚಿತ್ರಗಳೂ ಇರುತ್ತವೆ. ಓದಿದವರು ಕಲ್ಪನೆಯನ್ನೂ ಇತಿಹಾಸವೆಂದೇ ನಂಬಿಬಿಡುವ ಅಪಾಯವಿದೆ, ಹೇಳಿಯೇ ಕೊಡಿ. ಹೊಸಬರಲ್ಲಿ ಮೈಸೂರಿನ ಅನುಷ್ ಶೆಟ್ಟಿಯವರ ‘ಹುಲಿ ಪತ್ರಿಕೆ’ಯನ್ನು ಕಾಲೇಜು ಹುಡುಗರು ಇಷ್ಟಪಡುತ್ತಾರೆ. ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ (2021) ಥ್ರಿಲ್ಲರ್ ಎಂದು ಯಾರೂ ಹಣೆಪಟ್ಟಿ ಹಚ್ಚಿಲ್ಲ. ಮಗಳನ್ನು ಕೇಳಿಕೊಂಡು ಅಪರಿಚಿತ ಹುಡುಗರು ಮನೆಬಾಗಿಲು ಬಡಿಯುವಲ್ಲಿಂದ ಶುರುವಾಗುವ ಅದರ ಆತಂಕ ಮಾತ್ರ ಕೊನೆಯವರೆಗೂ ಸಡಿಲವಾಗುವುದಿಲ್ಲ.

ಕತೆ ಬಿಟ್ಟುಕೊಡದೆ ಹೇಗೆ ಹೇಳುವುದು ಎಂದು ಕೇಳಿದ್ದೀರಿ. ನಡೆಯುವ ಊರು ಹೇಳಿ, ಕಾಲ ಹೇಳಿ, ಮೊದಲ ಇಪ್ಪತ್ತು ಪುಟದೊಳಗಿನ ಒಂದು ಸನ್ನಿವೇಶ ಹೇಳಿ. ಅಲ್ಲಿಗೆ ನಿಲ್ಲಿಸಿ. ಮುಖ್ಯವಾಗಿ ‘ಕೊನೆಯಲ್ಲಿ ದೊಡ್ಡ ಟ್ವಿಸ್ಟ್ ಇದೆ’ ಎನ್ನಬೇಡಿ. ಅಷ್ಟು ಹೇಳಿದರೆ ಸಾಕು, ಓದುವವರು ಪ್ರತಿ ಪಾತ್ರವನ್ನೂ ಅನುಮಾನದಿಂದ ನೋಡುತ್ತ, ಲೇಖಕ ಕಷ್ಟಪಟ್ಟು ಕಟ್ಟಿದ ನಂಬಿಕೆಯನ್ನು ಕಟ್ಟುವ ಮೊದಲೇ ಕೆಡವುತ್ತಾರೆ. ಬೆನ್ನುಪುಟದ ಬರಹವನ್ನು ಮೊದಲೇ ಓದಬೇಡಿ ಎಂದೂ ಹೇಳಿ. ಮಾರಾಟದ ಆಸೆಗೆ ಪ್ರಕಾಶಕರು ಅಲ್ಲಿ ಅರ್ಧ ಕತೆ ಸುರಿದಿರುತ್ತಾರೆ. ಇನ್ನೊಂದು ವಿಷಯವನ್ನು ಮಾತ್ರ ಮುಚ್ಚಿಡಬಾರದು. ಮಕ್ಕಳ ಸಾವು, ಅತ್ಯಾಚಾರ, ಆತ್ಮಹತ್ಯೆ ಕತೆಯಲ್ಲಿದ್ದರೆ ಮುಂಚೆಯೇ ತಿಳಿಸಿ. ಮನೆಯಲ್ಲಿ ಅಂಥ ನೋವು ಕಂಡವರು ನಿಮ್ಮ ನಡುವೆ ಕೂತಿರಬಹುದು.

ಮಗಳ ವಿಷಯ. ಹದಿಮೂರು ವರ್ಷಕ್ಕೆ ಹೋಮ್ಸ್ ಕತೆಗಳು ಸಲೀಸು, ತೇಜಸ್ವಿಯವರ ‘ಕರ್ವಾಲೊ’ ಅಂತೂ ಆ ವಯಸ್ಸಿಗೇ ಓದಬೇಕು. ಹಾರುವ ಓತಿಯೊಂದನ್ನು ಹುಡುಕಿ ಕಾಡು ಹೊಕ್ಕವರ ಕತೆಯಲ್ಲಿ ಯಾವ ಪತ್ತೇದಾರಿಗೂ ಕಡಿಮೆಯಿಲ್ಲದ ಕುತೂಹಲವಿದೆ. ‘ತುಳಸಿದಳ’, ‘ಮಾಟಗಾತಿ’ ಈಗಲೇ ಬೇಡ. ಅವುಗಳ ಬದಲು ಸತ್ಯಜಿತ್ ರಾಯ್ ಸೃಷ್ಟಿಸಿದ ಫೆಲೂದಾನನ್ನು ಪರಿಚಯಿಸಿ. 1965ರಿಂದ ಮಕ್ಕಳಿಗಾಗಿಯೇ ಬರೆದ ಪತ್ತೇದಾರಿ ಕತೆಗಳವು. ಬಂಗಾಳಿಯಿಂದ ಇಂಗ್ಲಿಷಿಗೆ ಬಂದ ಸಂಪುಟಗಳು ಸುಲಭವಾಗಿ ಸಿಗುತ್ತವೆ. ‘ಸೋನಾರ್ ಕೆಲ್ಲಾ’ದಿಂದ ಶುರು ಮಾಡಿಸಿ. ಮುಕುಲ್ ಎಂಬ ಪುಟ್ಟ ಹುಡುಗನಿಗೆ ಹಿಂದಿನ ಜನ್ಮದ ಚಿನ್ನದ ಕೋಟೆ ನೆನಪಾಗುತ್ತದೆ, ನಿಧಿಯ ಆಸೆಗೆ ಬಿದ್ದ ಕಳ್ಳರು ಅವನ ಹಿಂದೆ ರಾಜಸ್ಥಾನದವರೆಗೂ ಹೋಗುತ್ತಾರೆ. ಅವಳು ಇದನ್ನು ಓದುವ ತಿಂಗಳಲ್ಲೇ ಅಜ್ಜಿ ‘ನಾಯಿ ನೆರಳು’ ಓದಲಿ. ಎರಡೂ ಪೂರ್ವಜನ್ಮದ ನೆನಪಿನ ಕತೆಗಳೇ. ಒಬ್ಬ ಲೇಖಕರು ಆ ನೆನಪನ್ನು ಏನು ಮಾಡಿದರು, ಇನ್ನೊಬ್ಬರು ಏನು ಮಾಡಿದರು ಎಂದು ಅಜ್ಜಿ ಮೊಮ್ಮಗಳನ್ನು ಎದುರುಬದುರು ಕೂರಿಸಿ ಮಾತಾಡಿಸಿ. ಯಜಮಾನರನ್ನೂ ಕರೆಯಿರಿ, ಅಷ್ಟು ಹೊತ್ತಿಗೆ ಅವರು ಬಾಸ್ಕರ್‌ವಿಲ್ಸ್ ಮುಗಿಸಿರುತ್ತಾರೆ.